ಹಸಿರು ಟಿಕ್ ಬಂತು, ಮಸುಕು ಹೋಗಲಿಲ್ಲ: ತಾನೇ ಹೊಂದಿಕೊಳ್ಳುವ ಹೆಡ್‌ಸೆಟ್‌ನ ಒಂದು ಪ್ರಕರಣ

ಒಂದು ತರಬೇತಿ ಕೋಣೆ. ಇರುವುದು ಒಂದೇ ವಿಆರ್ (ವರ್ಚುವಲ್ ರಿಯಾಲಿಟಿ, ಕಂಪ್ಯೂಟರ್ ಸೃಷ್ಟಿಸಿದ ಲೋಕ ತೋರಿಸುವ) ಹೆಡ್‌ಸೆಟ್. ವಿದ್ಯುತ್ ಪ್ಯಾನೆಲ್ ಬಿಚ್ಚಿ ವೈರ್ ಜೋಡಿಸುವ ಕೆಲಸ ಕಲಿಯಲು ಬಂದವರು ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹಾಕಿಕೊಳ್ಳುತ್ತಾರೆ. ಹೆಡ್‌ಸೆಟ್ ಒಳಗೆ ಕಣ್ಣನ್ನು ನೋಡುವ ಕ್ಯಾಮೆರಾಗಳಿವೆ. ಲೆನ್ಸ್ ಸರಿಸಲು ಮೋಟಾರ್ ಇದೆ. ತಲೆಗೆ ಹಾಕಿಕೊಂಡ ಕೂಡಲೇ ಅದು ಕಣ್ಣುಗಳ ಅಂತರ ಅಳೆದು, ಲೆನ್ಸ್‌ಗಳನ್ನು ಸರಿಸಿ, ಹಸಿರು ಟಿಕ್ ತೋರಿಸುತ್ತದೆ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತಿತ್ತು.

ಕಲಿಯಲು ಬಂದ ಒಬ್ಬರಿಗೆ ಮಾತ್ರ ಸಾಕಾಗಲಿಲ್ಲ. ವೈರ್ ಮೇಲಿನ ಸಣ್ಣ ನಂಬರ್‌ಗಳು ಮಸುಕು. ದೂರದ ಗೋಡೆ, ಬಾಗಿಲು ಪರವಾಗಿಲ್ಲ. ಆದರೆ ಪ್ಯಾನೆಲ್ ಹತ್ತಿರ ಬಾಗಿದರೆ ಟರ್ಮಿನಲ್‌ಗಳು (ವೈರ್ ಜೋಡಿಸುವ ಜಾಗಗಳು) ಎರಡೆರಡಾಗಿ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಹುಬ್ಬಿನ ಮೇಲೆ ನೋವು ಶುರು. ಹೆಡ್‌ಸೆಟ್ ಬರೆದಿಟ್ಟುಕೊಳ್ಳುವ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದರೆ ಎಲ್ಲವೂ ಸರಿ ಎಂದೇ ಇತ್ತು. ಹಾಗಾಗಿ ತಪ್ಪು ಕಣ್ಣಿನದ್ದೇ ಇರಬೇಕು ಎಂದು ಅವರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದ್ದರು. ಮೆಷಿನ್ ಸರಿ ಅಂದಮೇಲೆ ಮನುಷ್ಯರನ್ನು ಅನುಮಾನಿಸುವುದು ಸುಲಭ, ಅಲ್ವಾ? ಕಣ್ಣಿನಲ್ಲಿ ಏನೂ ದೋಷ ಸಿಗಲಿಲ್ಲ. ಆದರೆ ಅಲ್ಲಿಂದ ಅವರು ಒಂದು ಅಂಕಿ ಬರೆಸಿಕೊಂಡು ಬಂದರು: ಪಾಪೆಗಳ ನಡುವಿನ ಅಂತರ 57 ಮಿ.ಮೀ. ಹೆಡ್‌ಸೆಟ್‌ನ ಲಾಗ್‌ನಲ್ಲಿ ಅದೇ ವ್ಯಕ್ತಿಯ ಹೆಸರಿನ ಮುಂದೆ ಇದ್ದದ್ದು 55.7.

ಏನು ತಪ್ಪಿದೆ ಎಂದು ನೋಡಲು ನನ್ನನ್ನು ಕರೆದದ್ದು ಆಗ.

ಒಂದೂಕಾಲು ಮಿ.ಮೀ. ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ಅದಕ್ಕೆ ಮೊದಲು ಅಂತರದ ಕಥೆ ಸ್ವಲ್ಪ ಹೇಳಬೇಕು. ದೊಡ್ಡವರಲ್ಲಿ ಪಾಪೆಗಳ ನಡುವಿನ ಅಂತರದ ಸರಾಸರಿ ಸುಮಾರು 63 ಮಿ.ಮೀ. ಆದರೆ ಸರಾಸರಿ ಯಾರ ಮುಖದಲ್ಲೂ ಕೂತಿರುವುದಿಲ್ಲ. ಸಂಶೋಧಕ ನೀಲ್ ಡಾಡ್ಜ್‌ಸನ್ 2004ರಲ್ಲಿ ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿ, ದೊಡ್ಡವರಲ್ಲಿ ಬಹುಪಾಲು ಜನ 50ರಿಂದ 75 ಮಿ.ಮೀ. ಒಳಗೆ ಬರುತ್ತಾರೆ ಎಂದು ತೋರಿಸಿದರು. ಐದು ವರ್ಷದ ಮಕ್ಕಳನ್ನೂ ಸೇರಿಸಿಕೊಂಡರೆ 40ರವರೆಗೆ ಇಳಿಯಬೇಕು. ಹೆಂಗಸರ ಸರಾಸರಿ ಗಂಡಸರದ್ದಕ್ಕಿಂತ ಸುಮಾರು ಎರಡು ಮಿ.ಮೀ. ಕಡಿಮೆ. ಹೆಡ್‌ಸೆಟ್ ಮಾಡುವವರು ಮಾತ್ರ ಬಹಳ ಕಾಲ ನಡುವಿನವರನ್ನೇ ನೋಡಿಕೊಂಡು ಲೆನ್ಸ್ ಕೂರಿಸಿದರು. ಓಕ್ಯುಲಸ್ ಕಂಪನಿಯ 2019ರ ಹೆಡ್‌ಸೆಟ್ ರಿಫ್ಟ್ ಎಸ್‌ನಲ್ಲಿ ಲೆನ್ಸ್‌ಗಳು ಅಲುಗಾಡುತ್ತಲೇ ಇರಲಿಲ್ಲ, 63.5 ಮಿ.ಮೀ.ಗೆ ಕೂತಿದ್ದವು. ಓಕ್ಯುಲಸ್ ಕಟ್ಟಿದ ಪಾಮರ್ ಲಕ್ಕಿ ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರು. ತಮ್ಮ ಅಂತರ 70ರ ಹತ್ತಿರ, ಹಾಗಾಗಿ ಈ ಹೆಡ್‌ಸೆಟ್ ತಮಗೇ ಹೊಂದುವುದಿಲ್ಲ ಎಂದು ಅವರೇ ಬರೆದರು. ಮರುವರ್ಷ ಬಂದ ಅದೇ ಕಂಪನಿಯ ಕ್ವೆಸ್ಟ್ 2ರಲ್ಲಿ ಲೆನ್ಸ್ ಕೂರಿಸಲು 58, 63, 68 ಎಂಬ ಮೂರು ಜಾಗ ಸಿಕ್ಕಿತು.

ಹೊಂದದಿದ್ದರೆ ಬರೀ ಕಿರಿಕಿರಿಯಲ್ಲ. ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಆರ್‌ನಲ್ಲಿ ಹೆಂಗಸರಿಗೆ ಹೊಟ್ಟೆ ತೊಳೆಸುವಿಕೆ, ತಲೆಸುತ್ತು ಜಾಸ್ತಿ ಎಂಬ ಹಳೆಯ ಮಾತಿನ ಹಿಂದಿನ ಮುಖ್ಯ ಕಾರಣ ಈ ಅಂತರ ಹೊಂದದಿರುವುದೇ ಎಂದು ಕಂಡಿತು. ಅಂತರ ಸರಿಯಾಗಿ ಹೊಂದಿದಾಗ ಹೆಂಗಸರ ಅನುಭವ ಗಂಡಸರ ಹಾಗೇ ಇತ್ತು. ನಮ್ಮ ಪ್ರಕರಣದಲ್ಲಿ ಕಲಿಯಲು ಬಂದವರೂ ಹೆಂಗಸು. "ನಂಗೆ ಈ ವಿಆರ್ ಆಗಿಬರಲ್ಲ ಅನ್ಸುತ್ತೆ" ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಡಯಲ್ ತಿರುಗಿಸುವ ಹಳೆಯ ಪದ್ಧತಿ ಹಂಚಿಕೊಳ್ಳುವ ಹೆಡ್‌ಸೆಟ್‌ಗೆ ಹೊಂದುವುದಿಲ್ಲ. ಹಿಂದಿನವರು ಬಿಟ್ಟಲ್ಲೇ ಮುಂದಿನವರು ಶುರು ಮಾಡುತ್ತಾರೆ, ಯಾರೂ ಮುಟ್ಟುವುದಿಲ್ಲ. ಅದಕ್ಕೇ ಈ ಕೆಲಸ ಕ್ಯಾಮೆರಾಗೆ ಬಂತು. ವಾರ್ಯೋ ಹೆಡ್‌ಸೆಟ್‌ಗಳು, ಪೀಕೋ 4 ಎಂಟರ್‌ಪ್ರೈಸ್, 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಎಲ್ಲವೂ ಕಣ್ಣು ನೋಡಿ ತಾವೇ ಲೆನ್ಸ್ ಸರಿಸುತ್ತವೆ. ವಿಷನ್ ಪ್ರೊ ಹೇಳಿಕೊಳ್ಳುವ ವ್ಯಾಪ್ತಿ 51ರಿಂದ 75 ಮಿ.ಮೀ. ಪ್ಲೇಸ್ಟೇಷನ್ ವಿಆರ್2 ನಡುವಿನ ದಾರಿ ಹಿಡಿದಿದೆ. ಅದರಲ್ಲಿ ಮೋಟಾರ್ ಇಲ್ಲ. ಕ್ಯಾಮೆರಾ ನಿಮ್ಮ ಕಣ್ಣು ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ, ಡಯಲ್ ನೀವು ತಿರುಗಿಸಬೇಕು. ಈ ನಡುವಿನ ದಾರಿ ನನಗೆ ಮೊದಲು ಬಡವರ ಉಪಾಯದಂತೆ ಕಂಡಿತ್ತು. ಈ ಪ್ರಕರಣ ಮುಗಿಯುವಷ್ಟರಲ್ಲಿ ಅದರ ಮೇಲೆ ಗೌರವ ಜಾಸ್ತಿಯಾಗಿತ್ತು.

ಮೊದಲು ಮಾಡಿದ್ದು, ಅವರು ಹೆಡ್‌ಸೆಟ್ ಹಾಕಿಕೊಂಡಾಗ ಕಣ್ಣಿನ ಕ್ಯಾಮೆರಾದ ಚಿತ್ರವನ್ನು ನೇರವಾಗಿ ಮಾನಿಟರ್‌ಗೆ ತಂದದ್ದು. ಇಷ್ಟು ದಿನ ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಕೊನೆಯ ಅಂಕಿ ಮಾತ್ರ. ಈ ಕ್ಯಾಮೆರಾ ಬಳಸುವ, ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಕಣ್ಣು ಬೇರೆ ಥರ ಕಾಣುತ್ತದೆ. ಕಪ್ಪು ಕಣ್ಣು, ಕಂದು ಕಣ್ಣು ಎಂಬ ಭೇದ ಹೋಗಿ, ಪಾಪೆಯ ಸುತ್ತಲಿನ ಭಾಗ ತಿಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಡುವೆ ಪಾಪೆ ಗಾಢ ಕಪ್ಪು ಬಿಲ್ಲೆ. ಲೆನ್ಸ್ ಸುತ್ತ ಕೂರಿಸಿರುವ ಪುಟ್ಟ ಎಲ್‌ಇಡಿಗಳು ಕಣ್ಣಿನ ಮುಂಭಾಗದ ಗುಮ್ಮಟದ ಮೇಲೆ ಒಂದೊಂದು ಚುಕ್ಕೆಯಾಗಿ ಮಿಂಚುತ್ತವೆ. ಲೆಕ್ಕವೆಲ್ಲ ನಿಂತಿರುವುದು ಈ ಎರಡರ ಮೇಲೆ. ಎಲ್‌ಇಡಿ ಎಲ್ಲಿದೆ ಎಂದು ಗೊತ್ತು, ಅದರ ಪ್ರತಿಫಲನ ಎಲ್ಲಿ ಬಿತ್ತು ಎಂದು ಕಾಣುತ್ತದೆ, ಆ ಗುಮ್ಮಟದ, ಅಂದರೆ ಕಾರ್ನಿಯಾದ, ಬಾಗು ಸುಮಾರು 7.8 ಮಿ.ಮೀ. ತ್ರಿಜ್ಯದ್ದು. ಅಷ್ಟಿದ್ದರೆ ಗುಮ್ಮಟದ ಕೇಂದ್ರ ಸಿಗುತ್ತದೆ. ಆ ಕೇಂದ್ರದಿಂದ ಪಾಪೆಯ ನಡುವಿಗೆ ಎಳೆದ ಗೆರೆ ಕಣ್ಣು ತಿರುಗಿರುವ ದಿಕ್ಕು.

ಅವರ ಚಿತ್ರದಲ್ಲಿ ಮೂರು ವಿಷಯ ಕಾಣಿಸಿದವು. ಒಂದು, ಅಳತೆಯ ಹೊತ್ತಿನಲ್ಲಿ ಎರಡೂ ಪಾಪೆಗಳು ಮೂಗಿನ ಕಡೆಗೆ ಸ್ವಲ್ಪ ತಿರುಗಿದ್ದವು. ಎರಡು, ಲೆನ್ಸ್ ಸರಿದು ನಿಂತ ಮೇಲೂ ಎರಡೂ ಪಾಪೆಗಳು ತಮ್ಮ ತಮ್ಮ ಲೆನ್ಸ್‌ನ ನಡುವಿನಿಂದ ಒಂದೊಂದು ಮಿ.ಮೀ. ಮೂಗಿನ ಕಡೆಗೇ ಇದ್ದವು. ಮೂರು, ಬಲಗಣ್ಣು ಲೆನ್ಸ್‌ನ ನಡುವಿಗಿಂತ ಒಂದೂವರೆ ಮಿ.ಮೀ. ಮೇಲೆ, ಎಡಗಣ್ಣು ಅಷ್ಟೇ ಕೆಳಗೆ.

ಮೊದಲನೆಯದರ ಕಾರಣ ಸ್ವಾಗತ ಪರದೆ. "ದಯವಿಟ್ಟು ಕಾಯಿರಿ, ಅಳತೆ ನಡೆಯುತ್ತಿದೆ" ಎಂಬ ಅಕ್ಷರಗಳು ಮುಖದಿಂದ ಅರ್ಧ ಮೀಟರ್ ದೂರದಲ್ಲಿ ತೇಲುವ ಹಾಗೆ ಇಟ್ಟಿದ್ದರು. ಓದಲು ಕಣ್ಣುಗಳು ಒಳಗೆ ತಿರುಗಲೇಬೇಕು. ಕಣ್ಣುಗುಡ್ಡೆ ತಿರುಗುವ ಕೇಂದ್ರ ಪಾಪೆಗಿಂತ ಸುಮಾರು 10 ಮಿ.ಮೀ. ಹಿಂದೆ ಇರುತ್ತದೆ. ಅರ್ಧ ಮೀಟರ್ ದೂರ ನೋಡುವಾಗ ಒಂದೊಂದು ಕಣ್ಣು ಮೂರೂಕಾಲು ಡಿಗ್ರಿಯಷ್ಟು ಒಳಗೆ ತಿರುಗುತ್ತದೆ, ಒಂದೊಂದು ಪಾಪೆ 0.6 ಮಿ.ಮೀ. ಆಸುಪಾಸು ಸರಿಯುತ್ತದೆ. ಎರಡೂ ಸೇರಿದರೆ ಒಂದೂಕಾಲು. 57 ಇದ್ದದ್ದು 55.7 ಆದ ಗುಟ್ಟು ಇಷ್ಟೇ. ಅಂದರೆ ಅಳತೆ ಎಲ್ಲರಿಗೂ ತಪ್ಪಾಗಿಯೇ ಬರುತ್ತಿತ್ತು. ನಡುವಿನ ಅಂತರದವರಿಗೆ ಅದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಪರಿಹಾರ ಸುಲಭ: ಅಕ್ಷರ ತೆಗೆದು, ದೂರದಲ್ಲಿ ಒಂದು ಚುಕ್ಕೆ. ಹೇಳಬೇಕಾದ್ದನ್ನು ಧ್ವನಿಯಲ್ಲಿ ಹೇಳಿದರಾಯಿತು. ಜೊತೆಗೆ ಕ್ಯಾಮೆರಾದ ಒಂದೇ ಚಿತ್ರ (ಫ್ರೇಮ್) ನಂಬುವ ಬದಲು ಸಾಲಾಗಿ ಹಲವು ಫ್ರೇಮ್ ತೆಗೆದುಕೊಂಡು, ರೆಪ್ಪೆ ಮುಚ್ಚಿದವುಗಳನ್ನು ಬಿಟ್ಟು, ಉಳಿದವುಗಳ ನಡುವಿನ ಬೆಲೆ ಹಿಡಿಯುವುದು.

ಎರಡನೆಯದು ನನಗೆ ನಗು ತರಿಸಿತು. ಲೆನ್ಸ್‌ಗಳು ನಿಂತದ್ದು 59ರಲ್ಲಿ. ಗುರಿ 55.7, ಅಂದರೆ ಮೋಟಾರ್ ಇನ್ನೂ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ, ಏಕೆಂದರೆ ಅಲ್ಲಿ ಮೂಗು ಇತ್ತು. ಕಣ್ಣುಗಳು ಹತ್ತಿರವಿದ್ದು ಮೂಗಿನ ಬುಡ ಅಗಲವಿದ್ದರೆ, ಒಳಗೆ ಸರಿಯುವ ಲೆನ್ಸ್ ಕೊಳವೆಗಳು ಮೂಗನ್ನು ಎರಡೂ ಕಡೆಯಿಂದ ಒತ್ತುತ್ತವೆ. ಇಂಥ ಮೋಟಾರ್‌ಗೆ ಎದುರು ಒತ್ತಡ ಬಂದರೆ ಕರೆಂಟ್ ಏರುತ್ತದೆ. ಏರಿದ ಕೂಡಲೇ ನಿಲ್ಲುವಂತೆ ಮಾಡಿರುತ್ತಾರೆ, ಮಾಡಲೇಬೇಕು. ಇಲ್ಲಿ ಆ ಭಾಗ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಎಡವಟ್ಟು ಇದ್ದದ್ದು ಮುಂದಿನ ಸಾಲಿನಲ್ಲಿ: ಮೋಟಾರ್ ನಿಂತಿತು ಎಂದರೆ ಕೆಲಸ ಮುಗಿಯಿತು ಎಂದು ಸಾಫ್ಟ್‌ವೇರ್ ತಿಳಿದುಕೊಳ್ಳುತ್ತಿತ್ತು. ಗುರಿ ಮುಟ್ಟಿ ನಿಂತದ್ದಕ್ಕೂ, ಮೂಗಿಗೆ ತಾಗಿ ನಿಂತದ್ದಕ್ಕೂ ಒಂದೇ ಹಸಿರು ಟಿಕ್. ಲೆನ್ಸ್ ಸರಿಸಿದ ಮೇಲೆ ಇನ್ನೊಮ್ಮೆ ಕಣ್ಣು ನೋಡುವ ಹೆಜ್ಜೆಯೇ ಇರಲಿಲ್ಲ.

ಇದು ಬೇಸರದ ವಿಷಯ ಏಕೆಂದರೆ, ಈ ಹೆಡ್‌ಸೆಟ್‌ನಲ್ಲಿ ಕ್ಯಾಮೆರಾಗಳು ಲೆನ್ಸ್ ಕೊಳವೆಗೇ ಅಂಟಿಕೊಂಡಿವೆ. ಕೊಳವೆ ಸರಿದರೆ ಕ್ಯಾಮೆರಾವೂ ಸರಿಯುತ್ತದೆ. ಹಾಗಿರುವಾಗ ಲೆನ್ಸ್ ಕೂರಿಸಲು ಅಂತರದ ಅಂಕಿಯೇ ಬೇಕಿಲ್ಲ! ಪಾಪೆ ಲೆನ್ಸ್‌ನ ನಡುವಿಗೆ ಬರುವವರೆಗೆ ಸರಿಸುತ್ತಾ, ನೋಡುತ್ತಾ ಹೋದರೆ ಮುಗಿಯಿತು. ಅಂಕಿ ಬೇಕಾಗುವುದು ಚಿತ್ರ ಬರೆಯುವ ಸಾಫ್ಟ್‌ವೇರ್‌ಗೆ. ಎಡ, ಬಲ ಕಣ್ಣಿನ ಚಿತ್ರಗಳನ್ನು ಎಷ್ಟು ಅಂತರದಿಂದ ಬರೆಯಬೇಕು ಎಂದು ಅದಕ್ಕೆ ಗೊತ್ತಿರಬೇಕು. ಅಂತರ ನಿಜಕ್ಕಿಂತ ಕಡಿಮೆ ಕೊಟ್ಟರೆ ಲೋಕ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಜಾಸ್ತಿ ಕೊಟ್ಟರೆ ಆಟಿಕೆಯ ಹಾಗೆ ಚಿಕ್ಕದಾಗುತ್ತದೆ. ಈ ಎರಡು ಕೆಲಸಕ್ಕೆ ಒಂದೇ ಅಂಕಿಯನ್ನು ಕಟ್ಟಿಹಾಕಿದ್ದೇ ಗೊಂದಲದ ಮೂಲ. ಲೆನ್ಸ್ 59ರಲ್ಲಿ ನಿಂತರೂ ಚಿತ್ರವನ್ನು 57ಕ್ಕೆ ಬರೆಯಬಹುದು, ಬರೆಯಬೇಕು. ಪಾಪೆ ನಡುವಿನಿಂದ ಒಂದು ಮಿ.ಮೀ. ಆಚೆ ಇದೆ ಎಂದು ಗೊತ್ತಿದ್ದರೆ ಲೆನ್ಸ್ ಚಿತ್ರಕ್ಕೆ ತರುವ ಬಾಗುವಿಕೆಯನ್ನು ಆ ಜಾಗಕ್ಕೆ ತಕ್ಕಂತೆ ಸರಿಪಡಿಸಲೂ ಬರುತ್ತದೆ. ಮಸುಕನ್ನು ಮಾತ್ರ ಸಾಫ್ಟ್‌ವೇರ್ ತೆಗೆಯಲಾರದು. ಅದು ಗಾಜಿನ ವಿಷಯ.

ಈಗ ಮೂರನೆಯದು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ.

ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಎಂದರೆ ಹೆಡ್‌ಸೆಟ್ ಮುಖದ ಮೇಲೆ ಓರೆಯಾಗಿ ಕೂತಿದೆ ಎಂದರ್ಥ. ಒಟ್ಟು ಮೂರು ಮಿ.ಮೀ. ಏರಿಳಿತವನ್ನು 57 ಮಿ.ಮೀ. ಅಂತರದಲ್ಲಿ ಹಾಕಿದರೆ ಸುಮಾರು ಮೂರು ಡಿಗ್ರಿ ಓರೆ. ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ದೂರದ ವಸ್ತುವಿಗೆ ಇದರಿಂದ ತೊಂದರೆಯಿಲ್ಲ. ಬಾಗಿಲು ಅಷ್ಟು ದೂರವಿದ್ದಾಗ ಮೂರು ಮಿ.ಮೀ. ಏನೂ ಅಲ್ಲ. ಆದರೆ ಟರ್ಮಿನಲ್ ಇರುವುದು 40 ಸೆಂ.ಮೀ.ನಲ್ಲಿ. ಅಲ್ಲಿ ಎಡ, ಬಲ ಚಿತ್ರಗಳು ಒಂದಕ್ಕೊಂದು ಮೇಲೆ-ಕೆಳಗೆ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಪ್ಪುತ್ತವೆ. ಅಕ್ಕಪಕ್ಕದ ವ್ಯತ್ಯಾಸವನ್ನು ಕಣ್ಣು ಸಲೀಸಾಗಿ ಸರಿದೂಗಿಸಿಕೊಳ್ಳುತ್ತದೆ, ದಿನವೂ ಮಾಡುವ ಕೆಲಸ. ಮೇಲೆ-ಕೆಳಗಿನ ವ್ಯತ್ಯಾಸಕ್ಕೆ ಅದಕ್ಕೆ ಶಕ್ತಿ ಬಹಳ ಕಡಿಮೆ. ಒಂದಿಷ್ಟು ಹೊತ್ತು ಹೆಣಗಾಡಿ ಸೇರಿಸುತ್ತದೆ, ಆಮೇಲೆ ಕೈಬಿಡುತ್ತದೆ. ದೂರ ಸರಿ, ಹತ್ತಿರ ಎರಡೆರಡು, ಆಮೇಲೆ ಹುಬ್ಬಿನ ನೋವು: ಅವರು ಹೇಳಿದ ದೂರು ಅಕ್ಷರಶಃ ಇದೇ.

ಕ್ಯಾಮೆರಾಗೆ ಇದು ಮೊದಲ ಕ್ಷಣದಿಂದಲೇ ಕಾಣುತ್ತಿತ್ತು. ಕೇಳುವವರಿರಲಿಲ್ಲ. ಅಂತರ ಎಂಬ ಒಂದೇ ಅಂಕಿ ತೆಗೆದುಕೊಂಡು ಉಳಿದದ್ದನ್ನೆಲ್ಲ ಸುಮ್ನೆ ಎಸೆಯುತ್ತಿದ್ದರು. ಎರಡು ಕಣ್ಣುಗಳ ತಪ್ಪನ್ನು ಜೋಡಿಯಾಗಿ ಓದಿದರೆ ಎಷ್ಟೊಂದು ತಿಳಿಯುತ್ತದೆ ನೋಡಿ. ಎರಡೂ ಪಾಪೆ ಮೂಗಿನ ಕಡೆಗೋ ಕಿವಿಯ ಕಡೆಗೋ ಇದ್ದರೆ ಲೆನ್ಸ್ ಅಂತರ ತಪ್ಪು, ಅದು ಮೋಟಾರ್ ಕೆಲಸ. ಎರಡೂ ಒಂದೇ ಕಡೆ, ಬಲಕ್ಕೋ ಎಡಕ್ಕೋ ಸರಿದಿದ್ದರೆ ಹೆಡ್‌ಸೆಟ್ ಪಕ್ಕಕ್ಕೆ ಕೂತಿದೆ, ಇಲ್ಲವೇ ಮೂಗಿನಿಂದ ಎರಡು ಕಣ್ಣುಗಳ ದೂರ ಸಮವಿಲ್ಲ. ಒಂದೇ ತಿರುಪು ಎರಡೂ ಲೆನ್ಸನ್ನು ಸಮನಾಗಿ ಸರಿಸುವ ಹೆಡ್‌ಸೆಟ್‌ನಲ್ಲಿ ಇದನ್ನು ಮೋಟಾರ್ ಸರಿಮಾಡಲಾರದು. ಎರಡೂ ಮೇಲಿದ್ದರೆ ಹೆಡ್‌ಸೆಟ್ ಜಾರಿದೆ, ಪಟ್ಟಿ ಎತ್ತಬೇಕು. ಒಂದು ಮೇಲೆ ಒಂದು ಕೆಳಗೆ ಎಂದರೆ ಓರೆ. ಇವೆರಡಕ್ಕೂ ಕೈಯೇ ಬೇಕು.

ಹಾಗಾಗಿ ಬದಲಾಯಿಸಿದ್ದು ಮುಖ್ಯವಾಗಿ ಕ್ರಮವನ್ನು. ಮೊದಲೆಲ್ಲ ತಲೆಗೆ ತಾಗಿದ ಕೂಡಲೇ ಅಳತೆ ಶುರುವಾಗುತ್ತಿತ್ತು. ಜನ ಪಟ್ಟಿ ಬಿಗಿ ಮಾಡುವುದು ಆಮೇಲೆ! ಬಿಗಿ ಮಾಡುವಾಗ ಒಂದು ಕಡೆ ಜಾಸ್ತಿ ಎಳೆದರೆ ಓರೆಯಾಗುತ್ತದೆ, ಅಳತೆ ಮುಗಿದುಹೋಗಿರುತ್ತದೆ. ಈಗ ಮೊದಲು ಪರದೆಯ ಮೇಲೆ ಎರಡು ಉಂಗುರ, ಅದರೊಳಗೆ ಇಬ್ಬದಿಯ ಪಾಪೆಗಳ ಚುಕ್ಕೆ. "ಚುಕ್ಕೆಗಳು ಉಂಗುರದೊಳಗೆ ಬರುವ ಹಾಗೆ ಹೆಡ್‌ಸೆಟ್ ಸರಿಸಿ, ಪಟ್ಟಿ ಬಿಗಿ ಮಾಡಿ" ಎಂಬ ಧ್ವನಿ. ಕೈ ಬಿಟ್ಟು ಚುಕ್ಕೆಗಳು ನಿಂತ ಮೇಲೆ ದೂರದ ಚುಕ್ಕೆ ತೋರಿಸಿ ಅಳತೆ, ಆಮೇಲೆ ಮೋಟಾರ್, ಆಮೇಲೆ ಮತ್ತೊಮ್ಮೆ ಅಳತೆ. ಉಳಿದುಕೊಂಡ ಮಿ.ಮೀ.ಗಳು ಚಿತ್ರ ಬರೆಯುವ ಭಾಗಕ್ಕೆ ಹೋಗುತ್ತವೆ. ಗುರಿ ಮುಟ್ಟದಿದ್ದರೆ ಟಿಕ್ ಬರುವುದಿಲ್ಲ, ಏನು ತಪ್ಪಿದೆ ಎಂಬ ಮಾತು ಬರುತ್ತದೆ.

ಇಷ್ಟು ನೋಡಿದ ಮೇಲೆ ತಂಡದಲ್ಲಿ ಒಬ್ಬರಿಗೆ ಉತ್ಸಾಹ ಬಂತು: ಹಾಗಾದರೆ ಕೆಲಸ ಮಾಡುವಾಗಲೂ ಅಳೆಯುತ್ತಾ ಮೋಟಾರ್ ಓಡಿಸುತ್ತಲೇ ಇರೋಣ ಎಂದರು. ಬೇಡ ಎಂದೆ, ಈಗಲೂ ಬೇಡ ಎನ್ನುತ್ತೇನೆ. ಬದಿಗೆ 20 ಡಿಗ್ರಿ ಕಣ್ಣು ಹೊರಳಿಸಿದರೆ ಪಾಪೆ ಮೂರು ಮಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಪಾಪೆಯ ಹಿಂದೆ ಓಡುವ ಮೋಟಾರ್ ಅಂದರೆ ನೋಟದ ಹಿಂದೆ ಓಡುವ ಮೋಟಾರ್. ಬೇಕಾದದ್ದು ಕಣ್ಣುಗುಡ್ಡೆ ತಿರುಗುವ ಕೇಂದ್ರ. ಅದು ಹಲವು ದಿಕ್ಕಿನ ನೋಟಗಳಿಂದ ನಿಧಾನಕ್ಕೆ ಸಿಗುತ್ತದೆ, ಹೆಡ್‌ಸೆಟ್ ಜಾರಿದರೆ ಮಾತ್ರ ಬದಲಾಗುತ್ತದೆ. ಅದನ್ನು ಗಮನಿಸುತ್ತಾ ಚಿತ್ರದ ಲೆಕ್ಕವನ್ನು ಮೆಲ್ಲಗೆ ತಿದ್ದಬಹುದು. ಲೆನ್ಸನ್ನು ಮಾತ್ರ ಪಾಠದ ನಡುವೆ ಅಲುಗಾಡಿಸಬಾರದು. ಜಾರಿದ್ದು ಜಾಸ್ತಿಯಾದರೆ ಪಾಠದ ಒಂದು ಹಂತ ಮುಗಿದಾಗ ಉಂಗುರಗಳನ್ನು ಮತ್ತೆ ತೋರಿಸಿದರಾಯಿತು.

ಎಲ್ಲ ಕಣ್ಣುಗಳೂ ಕ್ಯಾಮೆರಾಗೆ ಸಲೀಸಾಗಿ ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕನ್ನಡಕದ ಗಾಜು ಎಲ್‌ಇಡಿಯ ಸುಳ್ಳು ಚುಕ್ಕೆಗಳನ್ನು ಹುಟ್ಟಿಸುತ್ತದೆ. ದಟ್ಟ ಮಸ್ಕಾರ ಪಾಪೆಯ ಅಂಚಿನ ಹಾಗೆ ಕಪ್ಪಾಗಿ ಕಾಣಬಹುದು. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಮೇಲಿನ ಪ್ರತಿಫಲನವನ್ನೇ ಬದಲಿಸುತ್ತದೆ. ಮೆಳ್ಳಗಣ್ಣಿದ್ದವರಿಗೆ ಎರಡೂ ಕಣ್ಣಿಗೆ ಒಟ್ಟಿಗೆ ಚುಕ್ಕೆ ತೋರಿಸಿ ಅಳೆದರೆ ಅಂಕಿ ಖಂಡಿತ ತಪ್ಪುತ್ತದೆ. ಹೆಡ್‌ಸೆಟ್‌ನ ಅನುಕೂಲವೆಂದರೆ ಒಂದು ಕಣ್ಣಿಗೆ ಮಾತ್ರ ಚುಕ್ಕೆ ತೋರಿಸಬಹುದು. ಒಂದೊಂದಾಗಿ ಅಳೆದು ಕೂಡಿಸಿದರೆ ಸರಿ ಬರುತ್ತದೆ. ಒಂದೇ ಕಣ್ಣಿನ ದೃಷ್ಟಿ ಇರುವವರಿಗೆ ಎರಡನೆಯ ಕಣ್ಣಿಗಾಗಿ ಕಾಯುತ್ತಾ ಪರದೆ ಹಾಗೇ ನಿಂತುಬಿಡಬಾರದು. ಇವೆಲ್ಲಕ್ಕೂ ಕೈಯಿಂದ ಸರಿಸುವ ದಾರಿ ಮೆನುವಿನಲ್ಲಿ ಉಳಿಯಲೇಬೇಕು, ಮೂರು ಹಂತ ಕೆಳಗಲ್ಲ, ಮೊದಲ ಪರದೆಯಲ್ಲೇ.

ಇನ್ನೊಂದು ಮಾತು, ತಾಂತ್ರಿಕವಲ್ಲದ್ದು. ಕಣ್ಣಿನ ಚಿತ್ರದಲ್ಲಿ ಪಾಪೆಯ ಸುತ್ತಲಿನ ವಿನ್ಯಾಸವೂ ಇರುತ್ತದೆ. ಮೈಕ್ರೋಸಾಫ್ಟ್‌ನ ಹೆಡ್‌ಸೆಟ್ ಹೋಲೋಲೆನ್ಸ್ 2ರಲ್ಲಿ ಅದನ್ನೇ ನೋಡಿ ಲಾಗಿನ್ ಮಾಡಿಸುತ್ತಿದ್ದರು, ಅಂದರೆ ಅದು ಬೆರಳಚ್ಚಿನಷ್ಟೇ ಖಾಸಗಿ. ಲೆನ್ಸ್ ಹೊಂದಿಸಲು ಚಿತ್ರ ಉಳಿಸಿಕೊಳ್ಳುವ ಅಗತ್ಯ ಯಾವತ್ತೂ ಇಲ್ಲ. ನಾನು ಪರೀಕ್ಷೆಗೆ ತೆರೆದ ಚಿತ್ರವೂ ಅವರ ಒಪ್ಪಿಗೆಯಿಂದ, ಅವರ ಎದುರೇ. ಈಗ ಪ್ರತಿಯೊಬ್ಬರ ಹೆಸರಿನಲ್ಲಿ ಉಳಿಯುವುದು ಕೆಲವು ಅಂಕಿಗಳು ಮಾತ್ರ. ಅವನ್ನೂ ಮುಂದಿನ ಸಲ ಶುರು ಮಾಡುವ ಜಾಗವಾಗಿ ಬಳಸುತ್ತೇವೆ, ಅಳತೆಯ ಬದಲಿಯಾಗಿ ಅಲ್ಲ.

ಕಲಿಯಲು ಬಂದಿದ್ದ ಅವರ ವಿಷಯಕ್ಕೆ ಬಂದರೆ, ಓರೆ ಸರಿಯಾದ ದಿನವೇ ಎರಡೆರಡು ಕಾಣುವುದು ನಿಂತಿತು. ಎಡಗಡೆಯ ಪಟ್ಟಿ ಹಿಂದೆ ಒಂದು ಸುತ್ತು ತಿರುಚಿಕೊಂಡಿತ್ತು, ಅಷ್ಟೇ. ಮೂಗಿನ ತೊಂದರೆ ಉಳಿಯಿತು. ಅದಕ್ಕೆ ಎರಡು ದಾರಿ ಇದ್ದವು. ಲೆನ್ಸ್ 59ರಲ್ಲೇ ಇರಲಿ, ಸಾಫ್ಟ್‌ವೇರ್ ತಿದ್ದಲಿ, ಅಂಚಿನ ಮಸುಕನ್ನು ಸಹಿಸಿಕೊಳ್ಳಿ ಎಂಬುದು ಒಂದು. ದಪ್ಪ ಮುಖದಿಂಬು ಹಾಕಿ ಹೆಡ್‌ಸೆಟ್ ಅನ್ನು ಸ್ವಲ್ಪ ಮುಂದೆ ತಂದರೆ ಕೊಳವೆಗಳು ಮೂಗಿಗೆ ತಾಗುವುದಿಲ್ಲ, ಲೆನ್ಸ್ 57ಕ್ಕೆ ಬರುತ್ತದೆ, ಆದರೆ ನೋಟದ ಅಗಲ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ಹಾಕಿಸಿ, ಪ್ಯಾನೆಲ್ ಎದುರು ನಿಲ್ಲಿಸಿ, ನಂಬರ್ ಓದಿಸಿದೆವು. ಅವರು ಆರಿಸಿದ್ದು ದಪ್ಪ ದಿಂಬು. "ಪಕ್ಕದ್ದು ನೋಡ್ಬೇಕು ಅಂದ್ರೆ ತಲೆ ತಿರುಗಿಸ್ತೀನಿ, ನಂಬರ್ ಓದೋಕಾಗ್ಬೇಕು ಅಷ್ಟೆ" ಎಂದರು. ದಿಂಬು ಬದಲಾದರೆ ಕಣ್ಣಿನಿಂದ ಲೆನ್ಸ್‌ಗಿರುವ ದೂರವೂ ಬದಲಾಗುತ್ತದೆ, ಬಾಗುವಿಕೆ ತಿದ್ದುವ ಕೋಷ್ಟಕವೂ ಬೇರೆಯಾಗುತ್ತದೆ. ಸದ್ಯಕ್ಕೆ ಯಾವ ದಿಂಬು ಹಾಕಿದ್ದೀರಿ ಎಂದು ಮೆನುವಿನಲ್ಲಿ ಆರಿಸಬೇಕು. ಆ ದೂರವನ್ನೂ ಕ್ಯಾಮೆರಾದಿಂದಲೇ ತೆಗೆಯುವ ಕೆಲಸ ಇನ್ನೂ ನಡೆಯುತ್ತಿದೆ.